ಕಡಿಮೆ ಬಜೆಟ್ಟಿನ ಗೇಮಿಂಗ್ ಪಿಸಿಗೆ ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್: ಬೋರ್ಡ್ ನೋಡುವುದರಿಂದ ಗೇಮ್ ಓಡಿಸುವವರೆಗೆ

ಹೊಸ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಡೇಟಾ ಇಡುವ ಡ್ರೈವ್) ತಂದವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. “ಸ್ಲಾಟಿಗೆ ಬರೋಬ್ಬರಿ ಕೂತೈತ್ರೀ, ಆದ್ರ ಬಯೋಸ್‌ನ್ಯಾಗ ಕಾಣವಲ್ದು.” “ಬಾಕ್ಸ್ ಮ್ಯಾಲೆ 7000 ಅಂತ ಬರದೈತಿ, ನಂದು 3500 ದಾಟವಲ್ದು.” “ಹಳೇ ಹಾರ್ಡ್ ಡಿಸ್ಕ್ ತಗದ ಮ್ಯಾಲೆ ವಿಂಡೋಸ್ ಚಾಲೂನ ಆಗವಲ್ದು.” (ಬಯೋಸ್ ಅಂದರೆ ವಿಂಡೋಸ್‌ಗಿಂತ ಮುಂಚೆ ಏಳುವ ಸೆಟ್ಟಿಂಗ್ ಪರದೆ. 7000, 3500 ಅಂದರೆ ಸೆಕೆಂಡಿಗೆ ಅಷ್ಟು ಎಂಬಿ ಓದುವ ವೇಗ.) ಹುಬ್ಬಳ್ಳಿ-ಧಾರವಾಡದವರಿರಲಿ, ಗದಗ-ಹಾವೇರಿಯವರಿರಲಿ, ಎಡವುವ ಜಾಗ ಮಾತ್ರ ಇವೇ.

ಇದರಲ್ಲಿ ಬಹಳಷ್ಟು ಸಲ ಡ್ರೈವ್ ಕೆಟ್ಟಿರುವುದಿಲ್ಲ, ಕೆಲಸದ ಕ್ರಮ ತಪ್ಪಿರುತ್ತದೆ. ಆಫರ್ ನೋಡಿ ಡ್ರೈವ್ ಮೊದಲು ಕೊಳ್ಳುತ್ತಾರೆ. ಅದು ತಮ್ಮ ಬೋರ್ಡಿಗೆ (ಮದರ್‌ಬೋರ್ಡಿಗೆ) ಹೊಂದುತ್ತದೋ ಇಲ್ಲವೋ ಅಂತ ಆಮೇಲೆ ನೋಡುತ್ತಾರೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಮೊದಲ ಎರಡಕ್ಕೆ ಒಂದು ಪೈಸೆ ಖರ್ಚಿಲ್ಲ, ಅದಕ್ಕೇ ಜನ ಅವನ್ನು ಬಿಟ್ಟು ಮುಂದೆ ಹೋಗುತ್ತಾರೆ.

ಹಂತ 1: ನಿಮ್ಮ ಬೋರ್ಡ್ ಯಾವುದು ಅಂತ ಗುರುತಿಸಿ

ವಿಂಡೋಸ್ ಸರ್ಚ್‌ನಲ್ಲಿ ‘ಸಿಸ್ಟಂ ಇನ್ಫರ್ಮೇಶನ್’ ಅಂತ ಹುಡುಕಿ ತೆರೆಯಿರಿ. ‘ಬೇಸ್‌ಬೋರ್ಡ್ ಪ್ರಾಡಕ್ಟ್’ ಎಂಬ ಸಾಲಿನಲ್ಲಿ ಬೋರ್ಡಿನ ಮಾಡೆಲ್ ಇರುತ್ತದೆ. ಪ್ರೊಸೆಸರ್ ಹೆಸರೂ ಅಲ್ಲೇ ಸಿಗುತ್ತದೆ. ಎರಡನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಅಂಗಡಿಯಲ್ಲಿ ಬೇಕಾಗುತ್ತದೆ.

ಆಮೇಲೆ ಬೋರ್ಡ್ ಕಂಪನಿಯ ಸೈಟಿನಿಂದ ಆ ಮಾಡೆಲ್‌ನ ಮ್ಯಾನ್ಯುಯಲ್ ಇಳಿಸಿಕೊಂಡು ‘ಸ್ಟೋರೇಜ್’ ಭಾಗ ಓದಿ. ಒಂದೇ ಪುಟ ಇರುತ್ತದೆ. ಎಂ.2 ಸ್ಲಾಟ್ (ಕೇಬಲ್ ಇಲ್ಲದೆ ಡ್ರೈವ್ ನೇರ ಬೋರ್ಡಿಗೆ ಕೂರುವ ಜಾಗ) ಇದೆಯಾ? ಇದ್ದರೆ ಎನ್‌ವಿಎಂಇ (ವೇಗದ ಹೊಸ ಬಗೆ) ಡ್ರೈವ್ ತೆಗೆದುಕೊಳ್ಳುತ್ತದಾ, ಬರೀ ಸಾಟಾ (ನಿಧಾನದ ಹಳೆ ಬಗೆ) ಡ್ರೈವಾ, ಅಥವಾ ಎರಡೂನಾ? ಪಿಸಿಐಇ (ಎನ್‌ವಿಎಂಇ ಡೇಟಾ ಹರಿಯುವ ದಾರಿ) 3.0 ಅಥವಾ 4.0? ಸ್ಲಾಟಿನಲ್ಲಿ ಡ್ರೈವ್ ಹಾಕಿದರೆ ಯಾವುದಾದರೂ ಸಾಟಾ ಪೋರ್ಟ್ ಬಂದ್ ಆಗುತ್ತದಾ? ಈ ಕೊನೆಯ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ. ಎಸ್‌ಎಸ್‌ಡಿ ಹಾಕಿದ ಕೂಡಲೇ ಹಳೆ ಹಾರ್ಡ್ ಡಿಸ್ಕ್ ಮಾಯವಾಯಿತು ಅನ್ನುವವರ ಕತೆಯೆಲ್ಲ ಅದರಲ್ಲೇ ಇದೆ. ಹಾರ್ಡ್ ಡಿಸ್ಕ್ ಕೇಬಲನ್ನು ಬೇರೆ ಪೋರ್ಟಿಗೆ ಹಾಕಿದರೆ ಮುಗಿಯಿತು.

ನಮ್ಮ ಕಡೆ ಹೆಚ್ಚು ಕಾಣುವ ಬೋರ್ಡ್‌ಗಳ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಚ್61 ಮತ್ತು ಎಚ್81 (ಇವು ಚಿಪ್‌ಸೆಟ್ ಹೆಸರು, ಸಾಮಾನ್ಯವಾಗಿ ಬೋರ್ಡಿನ ಮಾಡೆಲ್‌ನಲ್ಲೇ ಇರುತ್ತದೆ) ಹಳೆಯ ಬೋರ್ಡ್‌ಗಳು. ಆಫೀಸಿನ ಸೆಕೆಂಡ್ ಹ್ಯಾಂಡ್ ಪಿಸಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿ ಗೇಮಿಂಗ್ ಪಿಸಿ ಮಾಡಿಕೊಂಡವರ ಹತ್ತಿರ ಸಾಮಾನ್ಯವಾಗಿ ಇವೇ ಇರುತ್ತವೆ. ಇವುಗಳಿಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯೇ ಸರಿ. ಎಚ್61 ಚಿಪ್‌ಸೆಟ್‌ನ ಸಾಟಾ ಪೋರ್ಟ್ ಸೆಕೆಂಡಿಗೆ 3 ಗಿಗಾಬಿಟ್ ಮಾತ್ರ. ಅಂದರೆ ಸೆಕೆಂಡಿಗೆ 550 ಎಂಬಿ ವೇಗದ ಎಸ್‌ಎಸ್‌ಡಿ ಅಲ್ಲಿ ಅರ್ಧದಷ್ಟೇ ಓಡುತ್ತದೆ. ಚಿಂತೆ ಬೇಡ, ಅಷ್ಟಾದರೂ ಹಾರ್ಡ್ ಡಿಸ್ಕಿಗಿಂತ ಎಷ್ಟೋ ಮೇಲು. ಎಚ್81ರಲ್ಲಿ ಎರಡು ಪೋರ್ಟ್ ವೇಗದವು, ಎರಡು ನಿಧಾನದವು. ಎಸ್‌ಎಸ್‌ಡಿಯನ್ನು ವೇಗದ ಪೋರ್ಟಿಗೇ ಹಾಕಬೇಕು. ಬಣ್ಣ ನೋಡಿ ಊಹೆ ಮಾಡಬೇಡಿ, ಮ್ಯಾನ್ಯುಯಲ್ ನೋಡಿ.

ಈಗ ಮಾರುಕಟ್ಟೆಯಲ್ಲಿ ಎಚ್61 ಹೆಸರಿನ ಹೊಸ ಅಗ್ಗದ ಬೋರ್ಡ್‌ಗಳೂ ಇವೆ. ಅವಕ್ಕೆ ಎಂ.2 ಸ್ಲಾಟ್ ಕೊಟ್ಟಿರುತ್ತಾರೆ. ಕೆಲವದರಲ್ಲಿ ಎನ್‌ವಿಎಂಇ ನಡೆಯುತ್ತದೆ, ಕೆಲವದರಲ್ಲಿ ಬರೀ ಎಂ.2 ಸಾಟಾ. ಇಂಥ ಬೋರ್ಡ್ ಇದ್ದರೆ ಅಂಗಡಿಯಲ್ಲೇ ಡ್ರೈವ್ ಹಾಕಿಸಿ ಬಯೋಸ್‌ನಲ್ಲಿ ಕಂಡ ಮೇಲೆ ದುಡ್ಡು ಕೊಡಿ.

ಎಚ್510, ಬಿ560 ಇದ್ದವರು ಪ್ರೊಸೆಸರ್ ಕಡೆ ಲಕ್ಷ್ಯ ಕೊಡಿ. ಈ ಬೋರ್ಡ್‌ಗಳಲ್ಲಿ ನೇರವಾಗಿ ಪ್ರೊಸೆಸರ್‌ಗೆ ಜೋಡಿಸಿದ ಎಂ.2 ಸ್ಲಾಟ್ 11ನೇ ಜನರೇಶನ್ ಇಂಟೆಲ್ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. 10ನೇ ಜನರೇಶನ್ ಐ3 ಅಥವಾ ಐ5 ಹಾಕಿದ್ದರೆ ಆ ಸ್ಲಾಟ್ ಸತ್ತಂತೆ. ಕೆಲವು ಎಚ್510 ಬೋರ್ಡ್‌ಗಳಲ್ಲಿ ಇರುವುದೇ ಅದೊಂದು ಸ್ಲಾಟ್! “ಕೂತೈತಿ, ಕಾಣವಲ್ದು” ಎಂಬ ದೂರಿಗೆ ಇದೊಂದು ದೊಡ್ಡ ಕಾರಣ.

ಎಎಂಡಿಯವರಿಗೆ: ಬಿ450, ಎ520 ಬೋರ್ಡ್‌ಗಳು ಪಿಸಿಐಇ 3.0. ಬಿ550ರಲ್ಲಿ 4.0 ಇದೆ, ಆದರೆ ಅದಕ್ಕೆ ತಕ್ಕ ಪ್ರೊಸೆಸರ್ ಬೇಕು. ರೈಜನ್ 5 5600 ಇದ್ದರೆ 4.0 ಸಿಗುತ್ತದೆ. 5600ಜಿ ಅಥವಾ 5500 ಇದ್ದರೆ ಬೋರ್ಡ್ ಯಾವುದೇ ಇರಲಿ, 3.0ಕ್ಕೇ ನಿಲ್ಲುತ್ತದೆ. ‘7000 ಎಂಬಿ’ ಡ್ರೈವ್ 3500ಕ್ಕೆ ನಿಲ್ಲುವುದು ಹೀಗೆ. ಅದು ದೋಷ ಅಲ್ಲ, ಸುಮ್ನೆ ಜಾಸ್ತಿ ದುಡ್ಡು ಕೊಟ್ಟದ್ದು.

ಹಂತ 2: ಎಷ್ಟು ಜಾಗ ಬೇಕು? ಗೇಮ್ ಪಟ್ಟಿ ಮತ್ತು ನೆಟ್, ಎರಡನ್ನೂ ನೋಡಿ

ನೀವು ಈಗ ನಿಜವಾಗಿ ಆಡುತ್ತಿರುವ ಗೇಮ್‌ಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಆಡಬೇಕು ಅಂದುಕೊಂಡಿರುವವು ಬೇಡ. ಪ್ರತಿಯೊಂದರ ಮುಂದೆ ಸ್ಟೀಮ್ (ಗೇಮ್ ಮಾರುವ ಆನ್‌ಲೈನ್ ಅಂಗಡಿ) ಪುಟದಲ್ಲಿ ಹೇಳಿದ ಜಾಗ ಹಾಕಿ. ಕೌಂಟರ್-ಸ್ಟ್ರೈಕ್ 2ಕ್ಕೆ 85 ಜಿಬಿ ಕೇಳುತ್ತಾರೆ, ರೆಡ್ ಡೆಡ್ ರಿಡೆಂಪ್ಶನ್ 2ಕ್ಕೆ 150, ಸೈಬರ್‌ಪಂಕ್ 2077ಕ್ಕೆ 70. ಬಾಲ್ಡರ್ಸ್ ಗೇಟ್ 3ಕ್ಕೆ 150 ಜಿಬಿ ಬೇಕು, ಅದೂ ಎಸ್‌ಎಸ್‌ಡಿಯಲ್ಲೇ ಇರಬೇಕು ಅಂತ ಬರೆದಿದ್ದಾರೆ.

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಜಾಗ 64 ಜಿಬಿ. ಅಪ್‌ಡೇಟ್, ಡಿಸ್ಕಾರ್ಡ್, ಬ್ರೌಸರ್ ಎಲ್ಲ ಸೇರಿ 100 ಜಿಬಿ ಅಂತ ಬದಿಗಿಡಿ. ಮೇಲೆ ಇನ್ನೂ ಶೇಕಡಾ 15ರಿಂದ 20ರಷ್ಟು ಖಾಲಿ ಇರಬೇಕು. ತುಂಬಿ ತುಳುಕುವ ಎಸ್‌ಎಸ್‌ಡಿ ಬರೆಯುವ ವೇಗ ಕಳೆದುಕೊಳ್ಳುತ್ತದೆ. ಗೇಮ್ ಅಪ್‌ಡೇಟ್ ಆಗುವಾಗಲೂ ಖಾಲಿ ಜಾಗ ಕೇಳುತ್ತದೆ.

ಇನ್ನೊಂದು ಲೆಕ್ಕ. ಕಂಪನಿಗಳು 1 ಟಿಬಿ ಅಂದರೆ 1000 ಜಿಬಿ ಅಂತ ಎಣಿಸುತ್ತವೆ, ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುತ್ತದೆ. ಹಾಗಾಗಿ 1 ಟಿಬಿ ಡ್ರೈವ್ ನಿಮಗೆ 931 ಜಿಬಿ ಅಂತ ಕಾಣುತ್ತದೆ, 500 ಜಿಬಿಯದು 465 ಅಂತ. ಅಂಗಡಿಯವನು ಮೋಸ ಮಾಡಿಲ್ಲ.

ಈಗ ನೆಟ್ ವಿಷಯ. ಇದನ್ನು ಬೆಂಗಳೂರಿನವರ ವಿಡಿಯೋಗಳಲ್ಲಿ ಯಾರೂ ಹೇಳುವುದಿಲ್ಲ. ವಿದ್ಯಾನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ಫೈಬರ್ ಕನೆಕ್ಷನ್ ಇದ್ದವರು 500 ಜಿಬಿಯಲ್ಲೇ ಸಂಸಾರ ಮಾಡಬಹುದು. ಒಂದು ಗೇಮ್ ಅಳಿಸಿ, ಬೇಕಾದಾಗ ರಾತ್ರಿ ಮತ್ತೆ ಇಳಿಸಿಕೊಂಡರಾಯಿತು. ರೋಣ, ಹಿರೇಕೆರೂರು ಕಡೆ ಹಳ್ಳಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಇರುವವರಿಗೆ ಇದು ಆಗದ ಮಾತು. ದಿನಕ್ಕೆ 2 ಜಿಬಿ ಪ್ಯಾಕ್‌ನಲ್ಲಿ 150 ಜಿಬಿ ಗೇಮ್ ಇಳಿಯಲು 75 ದಿನ ಬೇಕು. ಅಂಥವರು ಒಮ್ಮೆ ಇಳಿಸಿದ ಗೇಮನ್ನು ಅಳಿಸಲೇಬಾರದು. ಅವರಿಗೆ ಎಸ್‌ಎಸ್‌ಡಿ ಜೊತೆ ಒಂದು ದೊಡ್ಡ ಹಾರ್ಡ್ ಡಿಸ್ಕ್ ಬೇಕೇ ಬೇಕು. ಆಡದ ಗೇಮ್‌ಗಳು ಅದರಲ್ಲಿ ಮಲಗಿರಲಿ.

ನನ್ನ ಸಲಹೆ ಇಷ್ಟು. ಹೊಂದಿಸಲು ಆದರೆ 1 ಟಿಬಿ ಎಸ್‌ಎಸ್‌ಡಿ ಒಂದೇ ತೆಗೆದುಕೊಳ್ಳಿ. ಆಗದಿದ್ದರೆ 500 ಜಿಬಿ ಎಸ್‌ಎಸ್‌ಡಿ, ಈಗಾಗಲೇ ಇರುವ ಹಾರ್ಡ್ ಡಿಸ್ಕ್ ಹಾಗೇ ಇರಲಿ. 256 ಜಿಬಿ ಅಂದರೆ ವಿಂಡೋಸ್ ಮತ್ತು ಒಂದು ದೊಡ್ಡ ಗೇಮ್, ಅಷ್ಟೇ. 120 ಅಥವಾ 128 ಜಿಬಿ ಎಷ್ಟೇ ಸೋವಿ ಸಿಕ್ಕರೂ ಬೇಡ.

ಹಂತ 3: ಹಾರ್ಡ್ ಡಿಸ್ಕಾ, ಸಾಟಾನಾ, ಎನ್‌ವಿಎಂಇನಾ?

ಡ್ರೈವ್ ಬದಲಿಸಿದರೆ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಏರುವುದಿಲ್ಲ. ಅದು ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಕೆಲಸ. ಇದನ್ನು ತಲೆಯಲ್ಲಿಟ್ಟುಕೊಂಡೇ ಖರ್ಚು ಮಾಡಿ.

ಹಾರ್ಡ್ ಡಿಸ್ಕಿನಿಂದ ಯಾವುದೇ ಎಸ್‌ಎಸ್‌ಡಿಗೆ ಬಂದರೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಒಂದು ಮುಳ್ಳು ಅತ್ತಿಂದಿತ್ತ ಓಡಾಡಿ ಡೇಟಾ ಹುಡುಕಬೇಕು. ಗೇಮ್ ಕೇಳುವುದು ಸಾವಿರಾರು ಸಣ್ಣ ಸಣ್ಣ ತುಣುಕುಗಳನ್ನು. ಓಪನ್ ವರ್ಲ್ಡ್ ಗೇಮಿನಲ್ಲಿ ಗಾಡಿ ಜೋರಾಗಿ ಓಡಿಸುವಾಗ ರಸ್ತೆ, ಕಟ್ಟಡ ತಡವಾಗಿ ಮೂಡುವುದು, ನಡುನಡುವೆ ಆಟ ತಡವರಿಸುವುದು ಇದರಿಂದ. ಎಸ್‌ಎಸ್‌ಡಿ ಹಾಕಿದರೆ ಇದು ನಿಲ್ಲುತ್ತದೆ.

ಆದರೆ ಸಾಟಾ ಎಸ್‌ಎಸ್‌ಡಿಯಿಂದ ಎನ್‌ವಿಎಂಇಗೆ ಹೋದಾಗ ಅಂಥ ದೊಡ್ಡ ಜಿಗಿತ ಇಲ್ಲ. ಸಾಟಾ ಸುಮಾರು 550 ಎಂಬಿ, ಪಿಸಿಐಇ 3.0 ಎನ್‌ವಿಎಂಇ ಸುಮಾರು 3500, 4.0 ಆದರೆ 7000ದವರೆಗೆ. ಕಾಗದದ ಮೇಲೆ ಹದಿಮೂರು ಪಟ್ಟು. ಗೇಮ್ ಲೋಡ್ ಆಗುವಾಗ ಹೆಚ್ಚಿನ ಸಲ ಸಿಗುವುದು ಕೆಲವೇ ಸೆಕೆಂಡುಗಳ ಲಾಭ. ಲೋಡ್ ಆಗುವಾಗ ಫೈಲ್ ಬಿಚ್ಚುವ ಕೆಲಸ ಪ್ರೊಸೆಸರ್‌ದು, ಡ್ರೈವ್ ಅದಕ್ಕೆ ಕಾಯುತ್ತಿರುತ್ತದೆ. ಡೈರೆಕ್ಟ್‌ಸ್ಟೋರೇಜ್ ಎಂಬ ವ್ಯವಸ್ಥೆ ಬಳಸುವ ಗೇಮ್‌ಗಳಲ್ಲಿ ಈ ಲೆಕ್ಕ ಬದಲಾಗಬಹುದು, ಆದರೆ ಅಂಥವು ಇನ್ನೂ ಕಡಿಮೆ.

ಹಾಗಂತ ಎನ್‌ವಿಎಂಇ ಬೇಡ ಅಂತಲ್ಲ. ಸ್ಲಾಟ್ ಇದ್ದರೆ ಅದನ್ನೇ ತೆಗೆದುಕೊಳ್ಳಿ, ಕೇಬಲ್ ಕಾಟ ತಪ್ಪುತ್ತದೆ, ಬೆಲೆಯೂ ಸಾಟಾದ ಹತ್ತಿರವೇ ಇರುತ್ತದೆ. ಆದರೆ 500 ಜಿಬಿಯ ಅತಿವೇಗದ ಡ್ರೈವ್ ಮತ್ತು 1 ಟಿಬಿಯ ಸಾಧಾರಣ ಡ್ರೈವ್ ಒಂದೇ ಬೆಲೆಗೆ ಇದ್ದರೆ ಕಣ್ಣು ಮುಚ್ಚಿ 1 ಟಿಬಿ ಆರಿಸಿ.

ಎಚ್61, ಎಚ್81 ಪಿಸಿಯವರಿಗೆ ಒಂದು ಮಾತು. ಎಂ.2 ಡ್ರೈವ್ ಕೂರಿಸುವ ಅಡಾಪ್ಟರ್ ಕಾರ್ಡ್ ಸಿಗುತ್ತದೆ ಅಂತ ಅಂಗಡಿಯಲ್ಲಿ ಹೇಳಬಹುದು. ಡ್ರೈವ್ ಕಾಣುತ್ತದೆ, ನಿಜ. ಆದರೆ ಈ ಹಳೆ ಬೋರ್ಡ್‌ಗಳ ಮೂಲ ಬಯೋಸ್ ಎನ್‌ವಿಎಂಇಯಿಂದ ವಿಂಡೋಸ್ ಚಾಲೂ ಮಾಡುವುದಿಲ್ಲ. 2.5 ಇಂಚಿನ ಸಾಟಾ ಡ್ರೈವ್ ಆದರೆ ನಾಳೆ ಪಿಸಿ ಬದಲಿಸಿದಾಗ ಹೊಸದಕ್ಕೂ ಬರುತ್ತದೆ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಈ ಹಳೆ ಪ್ರೊಸೆಸರ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಈ ಪಿಸಿಗೆ ಮಾತ್ರ ಹೊಂದುವ ಯಾವ ಸಾಮಾನಿಗೂ ದುಡ್ಡು ಹಾಕಬೇಡಿ.

ಹಂತ 4: ಬಾಕ್ಸ್ ಮೇಲಿನ ದೊಡ್ಡ ಅಂಕಿ ಬಿಟ್ಟು ಉಳಿದದ್ದನ್ನು ಓದಿ

ಬಾಕ್ಸ್ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು ಓದುವ ವೇಗ. ಅದೊಂದನ್ನೇ ನೋಡಿದರೆ ಎರಡು ಬೇರೆ ಬೇರೆ ಗುಣಮಟ್ಟದ ಡ್ರೈವ್‌ಗಳು ಒಂದೇ ಥರ ಕಾಣುತ್ತವೆ. ಒಂದು ಉದಾಹರಣೆ ನೋಡಿ. ಡಬ್ಲ್ಯೂಡಿ ಬ್ಲೂ ಎಸ್‌ಎನ್570 ಮತ್ತು ಕ್ರೂಶಿಯಲ್ ಪಿ3, ಎರಡೂ 1 ಟಿಬಿ, ಎರಡೂ 3500 ಎಂಬಿ, ಎರಡಕ್ಕೂ 5 ವರ್ಷ ವಾರಂಟಿ. ಆದರೆ ಮೊದಲನೆಯದಕ್ಕೆ ಕಂಪನಿ ಕೊಟ್ಟ ಬರಹದ ಮಿತಿ 600 ಟಿಬಿ, ಎರಡನೆಯದಕ್ಕೆ 220. ಕಾರಣ ಒಳಗಿನ ಚಿಪ್. ಒಂದು ಟಿಎಲ್‌ಸಿ (ಚಿಪ್‌ನ ಒಂದು ಕೋಶದಲ್ಲಿ 3 ಬಿಟ್), ಇನ್ನೊಂದು ಕ್ಯೂಎಲ್‌ಸಿ (4 ಬಿಟ್).

ಈ ಬರಹದ ಮಿತಿಯನ್ನು, ಅಂದರೆ ವಾರಂಟಿಯೊಳಗೆ ಒಟ್ಟು ಎಷ್ಟು ಡೇಟಾ ಬರೆಯಬಹುದು ಎಂಬುದನ್ನು, ಟಿಬಿಡಬ್ಲ್ಯೂ ಅನ್ನುತ್ತಾರೆ. ಕ್ಯೂಎಲ್‌ಸಿ ಅಂದ ಕೂಡಲೇ ಬೇಗ ಸಾಯುತ್ತದೆ ಅಂತ ಹೆದರಿಸುವವರಿದ್ದಾರೆ. ಲೆಕ್ಕ ಹಾಕಿ: 220 ಟಿಬಿಯನ್ನು 5 ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು 120 ಜಿಬಿ. ದಿನಾ ಅಷ್ಟು ಬರೆಯುವ ಗೇಮರ್ ಯಾರಿದ್ದಾರೆ? ಆಯಸ್ಸಿನ ಚಿಂತೆ ಬಿಡಿ.

ಕ್ಯೂಎಲ್‌ಸಿಯ ನಿಜವಾದ ಕೊರತೆ ಬೇರೆ. ಇಂಥ ಡ್ರೈವ್ ತನ್ನ ಖಾಲಿ ಜಾಗದ ಒಂದು ಭಾಗವನ್ನು ವೇಗದ ಕ್ಯಾಶ್ (ತಾತ್ಕಾಲಿಕ ಜಾಗ) ಮಾಡಿಕೊಂಡಿರುತ್ತದೆ. ಅದು ಲಾಳಿಕೆ ಇದ್ದ ಹಾಗೆ. ಲಾಳಿಕೆ ತುಂಬುವ ತನಕ ಎಣ್ಣೆ ಎಷ್ಟು ಜೋರಾಗಿ ಸುರಿದರೂ ನಡೆಯುತ್ತದೆ, ತುಂಬಿದ ಮೇಲೆ ಕೆಳಗಿನ ಸಣ್ಣ ತೂತಿನ ವೇಗವೇ ಗತಿ. 150 ಜಿಬಿ ಗೇಮನ್ನು ಒಂದೇ ಸಲ ಕಾಪಿ ಮಾಡಿದಾಗ ನಡುವೆ ವೇಗ ಹಾರ್ಡ್ ಡಿಸ್ಕ್ ಮಟ್ಟಕ್ಕೆ ಇಳಿಯುವುದು ಇದಕ್ಕೇ. ಡ್ರೈವ್ ತುಂಬಿದಷ್ಟೂ ಕ್ಯಾಶ್ ಸಣ್ಣದಾಗುತ್ತದೆ. ಗೇಮ್ ಆಡುವಾಗ ಡ್ರೈವ್‌ನ ಕೆಲಸ ಬಹುತೇಕ ಓದುವುದೇ, ಹಾಗಾಗಿ ಬರೀ ಗೇಮ್ ಇಡಲು ಕ್ಯೂಎಲ್‌ಸಿ ನಡೆಯುತ್ತದೆ. ವಿಡಿಯೋ ರೆಕಾರ್ಡ್ ಮಾಡುವವರು, ವಿಂಡೋಸ್ ಮತ್ತು ಗೇಮ್ ಎರಡನ್ನೂ ಒಂದೇ ಡ್ರೈವ್‌ನಲ್ಲಿ ಇಡುವವರು ಸ್ವಲ್ಪ ಹೆಚ್ಚು ಕೊಟ್ಟಾದರೂ ಟಿಎಲ್‌ಸಿ ತೆಗೆದುಕೊಳ್ಳಿ.

ಡಿರ‍್ಯಾಮ್ (ಯಾವ ಡೇಟಾ ಎಲ್ಲಿದೆ ಎಂಬ ಪಟ್ಟಿ ಇಡುವ, ಡ್ರೈವ್ ಒಳಗಿನ ವೇಗದ ಮೆಮೊರಿ) ಇದೆಯಾ ಇಲ್ಲವಾ ಎಂಬ ಚರ್ಚೆ ಎನ್‌ವಿಎಂಇಯಲ್ಲಿ ಅಷ್ಟು ದೊಡ್ಡದಲ್ಲ. ಡಿರ‍್ಯಾಮ್ ಇಲ್ಲದ ಎನ್‌ವಿಎಂಇ ಡ್ರೈವ್‌ಗಳು ಪಿಸಿಯ ರ‍್ಯಾಮ್‌ನಿಂದ ಒಂದು ಸಣ್ಣ ತುಂಡು ಎರವಲು ಪಡೆಯುತ್ತವೆ. ಸಾಟಾ ಡ್ರೈವ್‌ಗಳಿಗೆ ಆ ಸೌಲಭ್ಯ ಇಲ್ಲ. ಆದ್ದರಿಂದ ವಿಂಡೋಸ್ ಹಾಕಲು ಸಾಟಾ ಕೊಳ್ಳುವವರು, ಬೆಲೆಯ ಅಂತರ ಕಡಿಮೆ ಇದ್ದರೆ, ಡಿರ‍್ಯಾಮ್ ಇರುವುದನ್ನು ಆರಿಸಿ.

ಎಚ್ಚರದ ಗುರುತು: ಚಿಪ್ ಯಾವುದು, ಟಿಬಿಡಬ್ಲ್ಯೂ ಎಷ್ಟು ಎಂಬ ಮಾಹಿತಿ ಕಂಪನಿಯ ಸೈಟಿನಲ್ಲಿ ಎಲ್ಲೂ ಇಲ್ಲದಿದ್ದರೆ ಆ ಡ್ರೈವ್ ಬಿಡಿ.

ಹಂತ 5: ಜೊತೆಗೆ ಹಾರ್ಡ್ ಡಿಸ್ಕ್ ಬೇಕಾದವರು

ಹೊಸದು ಕೊಳ್ಳುವುದಾದರೆ 7200 ಆರ್‌ಪಿಎಂ (ತಟ್ಟೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ) ಮತ್ತು ಸಿಎಂಆರ್ (ಡೇಟಾದ ಸಾಲುಗಳು ಬಿಡಿ ಬಿಡಿಯಾಗಿರುವ ಬಗೆ) ಎರಡೂ ಇರಲಿ. ಎಸ್‌ಎಂಆರ್ ಎಂಬ ಬಗೆಯಲ್ಲಿ ಡೇಟಾದ ಸಾಲುಗಳು ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂತಿರುತ್ತವೆ. ಒಂದು ಸಾಲು ತಿದ್ದಲು ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಗೇಮ್ ಅಪ್‌ಡೇಟ್ ಬಂದಾಗ ಡಿಸ್ಕ್ ಶೇಕಡಾ 100 ತೋರಿಸುತ್ತಾ ಗಂಟೆಗಟ್ಟಲೆ ಕೂರುವುದು ಇಂಥವೇ. ಸೀಗೇಟ್ ಬರಾಕುಡಾದ ಜನಪ್ರಿಯ 2 ಟಿಬಿ ಮಾಡೆಲ್ ಎಸ್‌ಟಿ2000ಡಿಎಂ008 ಎಸ್‌ಎಂಆರ್. ಡಬ್ಲ್ಯೂಡಿ ಬ್ಲೂ 1 ಟಿಬಿಯ ಡಬ್ಲ್ಯೂಡಿ10ಇಝಡ್‌ಇಎಕ್ಸ್ ಸಿಎಂಆರ್. ಬರೀ ಸಂಗ್ರಹಕ್ಕೆ ಆದರೆ ಎಸ್‌ಎಂಆರ್ ಆದೀತು, ಅದರಲ್ಲೇ ಗೇಮ್ ಓಡಿಸುವುದಾದರೆ ಬೇಡ.

ಸಿಸಿಟಿವಿಯಿಂದ ಬಿಚ್ಚಿದ ಡಿಸ್ಕುಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಬಹಳ ಓಡಾಡುತ್ತವೆ. ಅವು ಹಗಲೂ ರಾತ್ರಿ ಓಡಿದವು. ಕೊಳ್ಳುವ ಮುಂಚೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ತೋರಿಸಲು ಹೇಳಿ. ‘ಪವರ್ ಆನ್ ಅವರ್ಸ್’ ನೋಡಿ: ವರ್ಷಕ್ಕೆ 8760 ಗಂಟೆ, ಹಾಗಾಗಿ 26 ಸಾವಿರ ಅಂದರೆ ಸುಮಾರು ಮೂರು ವರ್ಷ ಬಿಡುವಿಲ್ಲದೆ ಓಡಿದೆ. ಕೆಳಗಿನ ಪಟ್ಟಿಯಲ್ಲಿ 05, ಸಿ5, ಸಿ6 (ಡಿಸ್ಕಿನ ಕೆಟ್ಟ ಜಾಗಗಳ ಲೆಕ್ಕ) ಸಾಲುಗಳ ಕೊನೆಯ ಕಾಲಂನ ಅಂಕಿ ಪೂರ್ತಿ ಸೊನ್ನೆ ಇರಬೇಕು. ಅಲ್ಲಿ ಸೊನ್ನೆ ಬಿಟ್ಟು ಬೇರೇನೇ ಇದ್ದರೂ ಚೌಕಾಸಿ ಕೂಡ ಮಾಡಬೇಡಿ, ಎದ್ದು ಬನ್ನಿ.

ಗಂಟೆ ಸೊನ್ನೆ ತೋರಿಸುತ್ತದೆ, ಆದರೆ ಸ್ಕ್ರೂ ತೂತಿನ ಸುತ್ತ ಗೀರು ಇದೆ, ಕನೆಕ್ಟರ್ ಸವೆದಿದೆ ಅಂದರೆ ಮೀಟರ್ ಹಿಂದಕ್ಕೆ ತಿರುಗಿಸಿದ ಡಿಸ್ಕ್ ಅದು.

ಹಂತ 6: ಕೊಳ್ಳುವುದು

2025ರ ಕೊನೆಯಿಂದ ಎಸ್‌ಎಸ್‌ಡಿ ಮತ್ತು ರ‍್ಯಾಮ್ ಬೆಲೆ ಜೋರಾಗಿ ಏರಿದೆ. ಎಐ ಡೇಟಾ ಸೆಂಟರ್‌ಗಳು ಚಿಪ್‌ಗಳನ್ನು ಬಾಚಿಕೊಂಡದ್ದು ಇದಕ್ಕೆ ಮುಖ್ಯ ಕಾರಣ. ಹಳೆ ವಿಡಿಯೋ ನೋಡಿ “ಅಣ್ಣಾ, ಅವ್ರು ಇಷ್ಟಕ್ಕ ಸಿಗ್ತದ ಅಂದಿದ್ರು” ಅಂತ ಜಗಳಕ್ಕೆ ನಿಲ್ಲಬೇಡಿ. ಇಲ್ಲೂ ಅದಕ್ಕೇ ಬೆಲೆ ಬರೆದಿಲ್ಲ. ಹೋಗುವ ದಿನ ಎರಡು ಆನ್‌ಲೈನ್ ಸೈಟ್ ನೋಡಿ, ಬೆಲೆಯನ್ನು ಜಿಬಿಯಿಂದ ಭಾಗಿಸಿ. 1 ಜಿಬಿಗೆ ಎಷ್ಟು ಬಿತ್ತು ಎಂಬುದೇ ನಿಮ್ಮ ಅಳತೆ. ಹೆಚ್ಚಾಗಿ 1 ಟಿಬಿ ಡ್ರೈವ್‌ನಲ್ಲಿ ಇದು 500 ಜಿಬಿಯದಕ್ಕಿಂತ ಕಡಿಮೆ ಬೀಳುತ್ತದೆ.

ಅಂಗಡಿಯ ಬೆಲೆ ಆನ್‌ಲೈನ್‌ಗಿಂತ ಸ್ವಲ್ಪ ಜಾಸ್ತಿ ಇದ್ದರೂ ನಾನು ಅಂಗಡಿಗೇ ಮತ ಹಾಕುತ್ತೇನೆ, ಅದೂ ಗದಗ, ಹಾವೇರಿಯಿಂದ ಬರುವವರಿಗೆ. ಡ್ರೈವ್ ಬೋರ್ಡಿಗೆ ಹೊಂದದಿದ್ದರೆ ಅಲ್ಲೇ ಬದಲಿ ಸಿಗುತ್ತದೆ. ಹುಬ್ಬಳ್ಳಿಗೆ ಬರುವಾಗ ಮೊದಲು ಫೋನ್ ಮಾಡಿ ಮಾಡೆಲ್ ಹೆಸರು ಹೇಳಿ, ಸ್ಟಾಕ್ ಇದೆಯಾ ಕೇಳಿ. ಕೊಪ್ಪಿಕರ ರಸ್ತೆಯ ಟ್ರಾಫಿಕ್ಕಿನಲ್ಲಿ ಸುಮ್ನೆ ಅಲೆಯುವುದು ತಪ್ಪುತ್ತದೆ.

“ಇದನ್ನ ಒಯ್ಯಿ ತಮ್ಮಾ, ಎಲ್ಲಾರೂ ಇದನ್ನ ಒಯ್ಯಾಕತ್ತಾರ” ಅಂತ ಬೇರೆ ಡ್ರೈವ್ ತೋರಿಸಿದರೆ ಮೂರು ಪ್ರಶ್ನೆ ಕೇಳಿ: “ಇದು ಟಿಎಲ್‌ಸಿ ಏನ್ರೀ? ವಾರಂಟಿ ಎಷ್ಟು ವರ್ಷ, ಯಾರು ಕೊಡ್ತಾರ? ಬಿಲ್ಲಿನ್ಯಾಗ ಸೀರಿಯಲ್ ನಂಬರ್ ಬರೀತೀರೇನು?” ಉತ್ತರ ಅಡ್ಡಾದಿಡ್ಡಿ ಬಂದರೆ ನಿಮ್ಮ ಮಾಡೆಲ್ಲಿಗೇ ಗಟ್ಟಿಯಾಗಿ ನಿಲ್ಲಿ.

ಜಿಎಸ್‌ಟಿ ಬಿಲ್ ತಪ್ಪದೆ ತೆಗೆದುಕೊಳ್ಳಿ. “ಬಿಲ್ ಬ್ಯಾಡಂದ್ರ ಕಡಿಮಿ ಮಾಡ್ತೀನಿ” ಎಂಬ ಮಾತಿಗೆ ಬೀಳಬೇಡಿ. ಬಿಲ್ ಇಲ್ಲದ 5 ವರ್ಷದ ವಾರಂಟಿ ಬಾಯಿಮಾತು. ಸೀಲ್ ಒಡೆಯುವ ಮುಂಚೆ ಬಾಕ್ಸಿನ ಸೀರಿಯಲ್ ನಂಬರನ್ನು ಕಂಪನಿ ಸೈಟಿನ ವಾರಂಟಿ ಪುಟದಲ್ಲಿ ಹಾಕಿ ನೋಡಿ. ಲ್ಯಾಪ್‌ಟಾಪಿನಿಂದ ಬಿಚ್ಚಿದ ಡ್ರೈವ್‌ಗೆ ಬಾಕ್ಸ್ ಇರುವುದಿಲ್ಲ, ಕಂಪನಿ ವಾರಂಟಿಯೂ ಸಾಮಾನ್ಯವಾಗಿ ಇರುವುದಿಲ್ಲ. ಅದು ತೀರಾ ಅಗ್ಗ ಇದ್ದರೆ ಮಾತ್ರ ಯೋಚಿಸಿ.

ಆನ್‌ಲೈನ್‌ನಲ್ಲಿ ಪೆನ್‌ಡ್ರೈವ್ ಬೆಲೆಗೆ ಸಿಗುವ 2 ಟಿಬಿ, 4 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿಗಳು ನಕಲಿ. ಒಳಗೆ ಸಣ್ಣ ಮೆಮೊರಿ ಕಾರ್ಡ್ ಇಟ್ಟು ದೊಡ್ಡ ಅಂಕಿ ತೋರಿಸುವಂತೆ ಮಾಡಿರುತ್ತಾರೆ. ಅನುಮಾನ ಇದ್ದರೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಧನ ಓಡಿಸಿ. ಅದು ಡ್ರೈವ್ ಪೂರ್ತಿ ತುಂಬಿಸಿ, ಮತ್ತೆ ಓದಿ, ನಿಜವಾದ ಜಾಗ ಎಷ್ಟು ಅಂತ ಹೇಳುತ್ತದೆ.

ಅಂಗಡಿ ಬಿಡುವ ಮುಂಚೆ ಜೊತೆ ಸಾಮಾನು ನೆನಪಿಸಿಕೊಳ್ಳಿ. ಸಾಟಾ ಡ್ರೈವ್ ಆದರೆ ಡೇಟಾ ಕೇಬಲ್ ಬೇಕು, ಅದು ಡ್ರೈವ್ ಬಾಕ್ಸಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಪಿಸಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನಲ್ಲಿ ಖಾಲಿ ಸಾಟಾ ಪವರ್ ಕನೆಕ್ಟರ್ ಇದೆಯಾ ಅಂತ ಮನೆಯಲ್ಲೇ ನೋಡಿಕೊಂಡು ಬಂದಿರಿ. ಎಂ.2 ಆದರೆ ಒಂದು ಸಣ್ಣ ಸ್ಕ್ರೂ ಮತ್ತು ಸ್ಟ್ಯಾಂಡ್‌ಆಫ್ (ಸ್ಕ್ರೂ ಕೂರುವ ಸಣ್ಣ ಕಂಬ) ಬೇಕು. ಇವು ಬೋರ್ಡಿನ ಬಾಕ್ಸಿನಲ್ಲಿ ಬರುತ್ತವೆ, ಸೆಕೆಂಡ್ ಹ್ಯಾಂಡ್ ಬೋರ್ಡಿನವರ ಹತ್ತಿರ ಇರುವುದೇ ಇಲ್ಲ. ವಿಂಡೋಸ್ ಹಾಕಲು 8 ಜಿಬಿ ಪೆನ್‌ಡ್ರೈವ್, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್. ಇಷ್ಟೇ.

ಹಂತ 7: ಕೂರಿಸುವುದು

ಕ್ಯಾಬಿನೆಟ್ ತೆರೆಯುವ ಮುಂಚೆ ಎರಡು ಕೆಲಸ. ಮೊದಲನೆಯದು ಫೋಟೋ, ಕಾಲೇಜಿನ ಪ್ರಾಜೆಕ್ಟ್ ಎಲ್ಲ ಬೇರೆ ಕಡೆ ಕಾಪಿ ಮಾಡಿ. ಎರಡನೆಯದು ಬಿಟ್‌ಲಾಕರ್ (ಡ್ರೈವ್‌ನ ಡೇಟಾಕ್ಕೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದೆಯಾ ನೋಡಿ. ವಿಂಡೋಸ್ 11ರ ಇತ್ತೀಚಿನ ಆವೃತ್ತಿಯನ್ನು ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಹಾಕಿದ್ದರೆ ಅದು ತಾನೇ ಆನ್ ಆಗಿರಬಹುದು. ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಬಯೋಸ್ ಬದಲಾದಾಗ ನಿಮ್ಮ ಡೇಟಾಕ್ಕೆ ನಿಮ್ಮನ್ನೇ ಒಳಗೆ ಬಿಡುವುದಿಲ್ಲ.

ಪಿಸಿ ಶಟ್‌ಡೌನ್ ಮಾಡಿ, ಎಸ್‌ಎಂಪಿಎಸ್ ಸ್ವಿಚ್ ಆಫ್ ಮಾಡಿ, ವೈರ್ ತೆಗೆಯಿರಿ, ಪವರ್ ಬಟನ್ ಒಮ್ಮೆ ಒತ್ತಿ ಬಿಡಿ. ಕ್ಯಾಬಿನೆಟ್ಟಿನ ಲೋಹ ಮುಟ್ಟಿ. ಹುಬ್ಬಳ್ಳಿ ಧೂಳು ಗೊತ್ತೇ ಇದೆ ಅಲ್ವಾ, ಒಳಗೆ ಒಂದು ಪದರ ಇರುತ್ತದೆ. ಮೊದಲು ಬ್ರಶ್‌ನಿಂದ ಅದನ್ನು ತೆಗೆಯಿರಿ, ಸ್ಲಾಟಿನ ಬಾಯಲ್ಲಿ ಕಸ ಇರಬಾರದು.

ಎಂ.2 ಡ್ರೈವ್ ನೇರವಾಗಿ ತಳ್ಳುವುದಲ್ಲ. ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು ಪೂರ್ತಿ ಒಳಗೆ ಹೋಗುವ ತನಕ ದೂಡಿ. ಬಿಟ್ಟರೆ ಅದು ಓರೆಯಾಗಿಯೇ ನಿಲ್ಲುತ್ತದೆ. ಆಮೇಲೆ ಬೆರಳಿನಿಂದ ಕೆಳಗೆ ಒತ್ತಿ ಸ್ಕ್ರೂ ಹಾಕಿ. ಗೇಮಿಂಗ್ ಪಿಸಿಗೆ ಸಾಮಾನ್ಯ ಅಳತೆ 2280, ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಸ್ಟ್ಯಾಂಡ್‌ಆಫ್ ಬೋರ್ಡಿನಲ್ಲಿ ಆ ಉದ್ದಕ್ಕೆ ಇರುವ ತೂತಿನಲ್ಲೇ ಇರಬೇಕು. ಸ್ಕ್ರೂ ಬಿಗಿ ಮಾಡುವಾಗ ಜೋರು ಬೇಡ, ಡ್ರೈವ್ ಬಾಗಿದರೆ ಒಳಗಿನ ಬೆಸುಗೆ ಬಿಡುತ್ತದೆ. ಬೋರ್ಡಿನ ಹೀಟ್‌ಸಿಂಕ್ ಹಾಕುವುದಾದರೆ ಅದರ ಪ್ಯಾಡ್ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತುಹಾಕಿ. ಡ್ರೈವ್ ಮೇಲಿನ ಲೇಬಲ್ ಮಾತ್ರ ಕೀಳಬೇಡಿ, ವಾರಂಟಿ ಅದರ ಮೇಲೇ ನಿಂತಿದೆ.

ಹಂತ 8: ವಿಂಡೋಸ್ ಹಾಕುವಾಗ ಉಳಿದ ಡ್ರೈವ್‌ಗಳನ್ನು ಬಿಚ್ಚಿಡಿ

ಅತಿ ಹೆಚ್ಚು ಜನ ತಪ್ಪುವುದು ಇಲ್ಲೇ. ಹಳೆ ಹಾರ್ಡ್ ಡಿಸ್ಕ್ ಜೋಡಿಸಿಟ್ಟುಕೊಂಡೇ ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕುತ್ತಾರೆ. ಇನ್‌ಸ್ಟಾಲರ್ ವಿಂಡೋಸನ್ನು ಎಸ್‌ಎಸ್‌ಡಿಗೆ ಹಾಕಿ, ಪಿಸಿ ಚಾಲೂ ಮಾಡುವ ಬೂಟ್ ಫೈಲನ್ನು ಹಳೆ ಡಿಸ್ಕಿನಲ್ಲೇ ಬಿಟ್ಟುಬಿಡಬಹುದು. ಎಲ್ಲ ಸರಿ ಇದೆ ಅನ್ನಿಸುತ್ತದೆ. ಹಾರ್ಡ್ ಡಿಸ್ಕ್ ಕೆಟ್ಟ ದಿನ ಅಥವಾ ಮಾರಿದ ದಿನ ಪಿಸಿ ಏಳುವುದಿಲ್ಲ. ಹಾಗಾಗಿ ಹೊಸ ಎಸ್‌ಎಸ್‌ಡಿ ಮತ್ತು ಪೆನ್‌ಡ್ರೈವ್ ಬಿಟ್ಟು ಉಳಿದೆಲ್ಲದರ ಕೇಬಲ್ ತೆಗೆದಿಡಿ. ವಿಂಡೋಸ್ ಡೆಸ್ಕ್‌ಟಾಪ್ ಕಂಡ ಮೇಲೆ, ಪಿಸಿ ಆಫ್ ಮಾಡಿ ಮತ್ತೆ ಜೋಡಿಸಿ.

ಬಯೋಸ್‌ನಲ್ಲಿ ಡ್ರೈವ್ ಕಾಣುತ್ತದೆ, ಆದರೆ ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಇಲ್ಲ ಅಂದರೆ ಬಯೋಸ್‌ನಲ್ಲಿ ವಿಎಂಡಿ ಅಥವಾ ರೇಡ್ (ಹಲವು ಡ್ರೈವ್ ಒಟ್ಟಿಗೆ ನಿಭಾಯಿಸುವ) ಆಯ್ಕೆ ಆನ್ ಇದೆಯಾ ನೋಡಿ ಆಫ್ ಮಾಡಿ. ಎನ್‌ವಿಎಂಇಯಿಂದ ಬೂಟ್ ಆಗಲು ಯುಇಎಫ್‌ಐ (ಹೊಸ ಬಗೆಯ ಬೂಟ್) ಮೋಡ್ ಬೇಕು, ಸಿಎಸ್‌ಎಂ (ಹಳೆ ಬಗೆಯ ಬೂಟ್) ಆಫ್ ಇರಲಿ. ಈ ಎರಡನ್ನೂ ಹೊಸದಾಗಿ ವಿಂಡೋಸ್ ಹಾಕುವಾಗ ಮಾತ್ರ ಬದಲಿಸಿ. ಈಗಾಗಲೇ ನಡೆಯುತ್ತಿರುವ ವಿಂಡೋಸ್ ಮೇಲೆ ಬದಲಿಸಿದರೆ ಅದು ಏಳದೇ ಹೋಗಬಹುದು.

ಹಳೆ ವಿಂಡೋಸನ್ನೇ ಕ್ಲೋನ್ (ಇದ್ದ ಹಾಗೇ ನಕಲು) ಮಾಡಬಹುದಲ್ಲ ಅಂತ ಕೇಳುತ್ತಾರೆ. ಮಾಡಬಹುದು. ಆದರೆ ಹಳೆ ಕಸವೆಲ್ಲ ಜೊತೆಗೇ ಬರುತ್ತದೆ. ಗೇಮಿಂಗ್ ಪಿಸಿಗೆ ಹೊಸದಾಗಿ ಹಾಕುವುದೇ ಒಳ್ಳೆಯದು.

ಹಂತ 9: ಗೇಮ್ ಫೋಲ್ಡರ್ ಮತ್ತು ಮೊದಲ ವಾರದ ತಪಾಸಣೆ

ಎರಡನೇ ಡ್ರೈವ್ ‘ದಿಸ್ ಪಿಸಿ’ಯಲ್ಲಿ ಕಾಣುತ್ತಿಲ್ಲ ಅಂತ ವಾಪಸ್ ಕೊಡಲು ಓಡಬೇಡಿ. ಹೊಸ ಡ್ರೈವ್ ಖಾಲಿ ಹೊಲ ಮಾತ್ರ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಇನಿಶಿಯಲೈಸ್ ಮಾಡಿ, ಜಿಪಿಟಿ ಆರಿಸಿ, ನ್ಯೂ ಸಿಂಪಲ್ ವಾಲ್ಯೂಮ್ ಕೊಡಿ. ಹಳೆ ಡೇಟಾ ಇರುವ ಡಿಸ್ಕಿಗೆ ಮಾತ್ರ ಇದನ್ನು ಎಂದೂ ಮಾಡಬೇಡಿ.

ಸ್ಟೀಮ್‌ನಲ್ಲಿ ಸೆಟ್ಟಿಂಗ್ಸ್, ಸ್ಟೋರೇಜ್‌ಗೆ ಹೋಗಿ ಎರಡೂ ಡ್ರೈವ್ ಸೇರಿಸಿ. ಅಲ್ಲಿಂದಲೇ ಗೇಮ್ ಆಚೆ ಈಚೆ ಸರಿಸಬಹುದು, ಮತ್ತೆ ಇಳಿಸುವ ಅಗತ್ಯ ಇಲ್ಲ. ಫೋಲ್ಡರನ್ನು ಕೈಯಿಂದ ಕಟ್ ಮಾಡಿ ಪೇಸ್ಟ್ ಮಾಡಿದರೆ ಸ್ಟೀಮ್‌ಗೆ ಅದು ಸಿಗುವುದಿಲ್ಲ.

ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಮತ್ತೆ ತೆರೆಯಿರಿ. ‘ಟ್ರಾನ್ಸ್‌ಫರ್ ಮೋಡ್’ ಸಾಲಿನಲ್ಲಿ ಎರಡು ಭಾಗ ಇರುತ್ತದೆ: ಎಡಗಡೆ ಈಗ ಓಡುತ್ತಿರುವ ವೇಗ, ಬಲಗಡೆ ಡ್ರೈವ್‌ಗೆ ಸಾಧ್ಯ ಇರುವ ವೇಗ. ಎಡಗಡೆ ಸಾಟಾ 300, ಬಲಗಡೆ 600 ಇದ್ದರೆ ಪೋರ್ಟ್ ನಿಧಾನದ್ದು. ಬೋರ್ಡಿನಲ್ಲಿ ವೇಗದ್ದು ಇದ್ದರೆ ಬದಲಿಸಿ.

ಏಪ್ರಿಲ್-ಮೇ ಬಿಸಿಲಿನಲ್ಲಿ ಒಂದು ತಾಸು ಆಡಿ ಉಷ್ಣತೆ ನೋಡಿ. ಎನ್‌ವಿಎಂಇ 70 ಡಿಗ್ರಿ ದಾಟುತ್ತಿದ್ದರೆ ಹೀಟ್‌ಸಿಂಕ್ ಹಾಕಿ ಅಥವಾ ಕ್ಯಾಬಿನೆಟ್ಟಿಗೆ ಒಂದು ಫ್ಯಾನ್ ಸೇರಿಸಿ. ತೀರಾ ಬಿಸಿಯಾದರೆ ಡ್ರೈವ್ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಕರೆಂಟಿನ ವಿಷಯ ಬೇರೆ ಹೇಳಬೇಕಿಲ್ಲ. ಮೊದಲ ಗುಡುಗಿಗೆ ಹೆಸ್ಕಾಂ ಲೈನ್ ಹೋಗುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಗೇಮ್ ಅಪ್‌ಡೇಟ್ ಹಾಕುವುದು ಅಪಾಯ. ಬರೆಯುವ ನಡುವೆ ಕರೆಂಟ್ ಹೋದರೆ ಫೈಲ್ ಹಾಳಾಗುತ್ತದೆ. ಹಾಗಾದರೆ ಸ್ಟೀಮ್‌ನ ‘ವೆರಿಫೈ’ ಆಯ್ಕೆ ಬಳಸಿ, ಕೆಟ್ಟ ತುಂಡು ಮಾತ್ರ ಮತ್ತೆ ಇಳಿಯುತ್ತದೆ. 600 ವಿಎ ಯುಪಿಎಸ್ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದು ಗೇಮ್ ಆಡಲು ಅಲ್ಲ, ಸರಿಯಾಗಿ ಶಟ್‌ಡೌನ್ ಮಾಡಲು.

ಮುಂದೆ ಯಾವತ್ತಾದರೂ ಡ್ರೈವ್ ಇದ್ದಕ್ಕಿದ್ದಂತೆ ಕಾಣೆಯಾಗಿ ಮತ್ತೆ ಬರುತ್ತಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಸಿ7 ಸಾಲು ನೋಡಿ. ಆ ಅಂಕಿ ಏರುತ್ತಿದ್ದರೆ ಹೆಚ್ಚಾಗಿ ಡ್ರೈವ್ ತಪ್ಪಲ್ಲ, ಸಾಟಾ ಕೇಬಲ್ ತಪ್ಪು. ಹೊಸ ಕೇಬಲ್ ಹಾಕಿ. 05 ಅಥವಾ ಸಿ5 ಏರುತ್ತಿದ್ದರೆ ಮಾತ್ರ ಅವತ್ತೇ ಡೇಟಾ ಕಾಪಿ ಮಾಡಿಕೊಂಡು, ಬಿಲ್ ಹುಡುಕಿ ವಾರಂಟಿಗೆ ಕೊಡಿ.